ಹೆಬಳೆ ತಿರುವಿನಲ್ಲಿ ನಾನು ಚಾಚದ ಕೈ

ನನ್ನ ಮಗಳ ಮಗನಿಗೆ ಮೊನ್ನೆ ಲಾರಿ ನಡೆಸುವ ಲೈಸನ್ಸ್ ಸಿಕ್ಕಿತು. ಭಟ್ಕಳದಿಂದ ಕುಮಟೆಗೆ ಒಂದು ಸುತ್ತು ಹೋಗಿ ಬಂದವನೇ ನನ್ನ ಹತ್ತಿರ ಕುಳಿತು, "ಅಜ್ಜಾ, ತಿರುಗುವಾಗ ಕೆಲವರು ದೀಪವೇ ಹಾಕೂದಿಲ್ಲ. ಬೆರಳಿಂದ ಒಂದು ಕಡ್ಡಿ ತಳ್ಳೂಕೆ ಎಂತ ಕಷ್ಟ? ಸೊಕ್ಕಾ?" ಎಂದು ಕೇಳಿದ.

ಸೊಕ್ಕು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ದಾರಿಯಲ್ಲಿ ಬಸ್ ನಡೆಸಿದ ನಾನು, ಆ ಪೈಕಿ ಮೊದಲ ಕೆಲವು ವರ್ಷ ಒಂದು ತಿರುವಿನಲ್ಲೂ ಕೈ ತೋರಿಸಿದವನಲ್ಲ. ನನ್ನದು ಸೊಕ್ಕಾಗಿರಲಿಲ್ಲ. ಅದು ಏನಾಗಿತ್ತು ಎಂಬುದನ್ನು ಬರೆದಿಡುತ್ತೇನೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಆಗ ಗಾಡಿಗೆ ದೀಪದ ಸಂಜ್ಞೆ ಇರಲಿಲ್ಲ. ಡ್ರೈವರನ ಬಲಗೈಯೇ ಸಂಜ್ಞೆ. ಬಲಕ್ಕೆ ತಿರುಗಬೇಕಾದರೆ ಕೈಯನ್ನು ಕಿಟಕಿಯಿಂದ ಹೊರಗೆ ನೆಟ್ಟಗೆ ಚಾಚಬೇಕು, ಎಡಕ್ಕಾದರೆ ಸುತ್ತು ತಿರುಗಿಸಬೇಕು, ನಿಲ್ಲಿಸಬೇಕಾದರೆ ಮೇಲೆ ಕೆಳಗೆ ಆಡಿಸಬೇಕು. ನನಗೆ ಗಾಡಿ ಕಲಿಸಿದ ಬಾಬು ಮೇಸ್ತ್ರಿಗಳು ಇದಾವುದನ್ನೂ ಮಾಡುತ್ತಿರಲಿಲ್ಲ. "ಹಿಂದಿನವಂಗೆ ಕಣ್ಣಿಲ್ಯಾ? ಬಸ್ಸು ತಿರುಗೂದು ಕಾಣೂದಿಲ್ಯಾ?" ಎನ್ನುತ್ತಿದ್ದರು. ಇನ್ನೊಬ್ಬ ಡ್ರೈವರನ ಕೈ ಯಾವಾಗಲೂ ಹೊರಗೇ ಇರುತ್ತಿತ್ತು, ಬೀಡಿಯ ಬೂದಿ ಕೊಡವಲು. ಅವನು ತಿರುಗುತ್ತಾನೆಂದು ಹಿಂದಿನ ಎತ್ತಿನ ಗಾಡಿಯವರು ನಿಂತೇ ಇರುತ್ತಿದ್ದರು. ಅವನು ನೆಟ್ಟಗೆ ಹೋಗಿಬಿಡುತ್ತಿದ್ದ. ಮಳೆಗಾಲದಲ್ಲಿ ಕಿಟಕಿಗೆ ತಾಡಪತ್ರಿ ಇಳಿಬಿಟ್ಟಮೇಲೆ ಯಾರ ಕೈಯೂ ಹೊರಗೆ ಬರುತ್ತಿರಲಿಲ್ಲ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ.

ನನ್ನ ಕಾರಣ ಸಮುದ್ರದ್ದು.

ನಮ್ಮದು ಹೆಬಳೆಯ ಕಡಲ ಬದಿಯ ಮನೆ. ಅಪ್ಪ ದೋಣಿಯವನು. ಬಲೆ ಹೇರಿಕೊಂಡು ಹೊರಟಮೇಲೆ ಎಲ್ಲಿಗೆ ಎಂದು ಯಾರೂ ಕೇಳಬಾರದು, ಹೊರಟವರೂ ಹೇಳಬಾರದು. ಮುಖ್ಯವಾಗಿ, ಹೋಗುವ ದಿಕ್ಕಿಗೆ ಕೈ ಮಾಡಿ ತೋರಿಸಬಾರದು. "ಕೈ ತೋರ್ಸಿದ್ರೆ ನಮಗಿಂತ ಮೊದ್ಲು ಅದು ಹೋಗಿ ಅಲ್ಲಿ ಕೂತಿರ್ತದೆ" ಎನ್ನುತ್ತಿದ್ದ ಅಪ್ಪ. ಅದು ಎಂದರೆ ಯಾವುದು ಎಂದು ಅವನು ಹೇಳಲಿಲ್ಲ. ಅದಕ್ಕೆ ಹೆಸರಿಡುವುದೂ ಕರೆದ ಹಾಗೆ ಎಂದು ನಮ್ಮ ಕೇರಿಯ ನಂಬಿಕೆ.

ನಾನು ಚಿಕ್ಕವನಿದ್ದಾಗ ಒಮ್ಮೆ ದೋಣಿಯಲ್ಲಿ ಕುಳಿತು ಸಮುದ್ರದ ನಡುವಿನ ನೇತ್ರಾಣಿ ಗುಡ್ಡದ ಕಡೆಗೆ ಬೆರಳು ಮಾಡಿ, "ಅಲ್ಲಿಗಾ ಅಪ್ಪಾ?" ಎಂದುಬಿಟ್ಟೆ. ಅಪ್ಪ ಬೈಯಲಿಲ್ಲ. ದೋಣಿಯನ್ನು ತಿರುಗಿಸಿ ದಡಕ್ಕೆ ತಂದು ಎಳೆದು ಹಾಕಿದ. ಆ ದಿನ ಆ ಕಡೆಗೆ ಹೋದ ನೆರೆಮನೆಯವರ ದೋಣಿ ಸಂಜೆ ತಾನಾಗಿಯೇ ತೇಲಿ ಬಂತು. ಗಾಳಿ ಇರಲಿಲ್ಲ, ತೆರೆ ಇರಲಿಲ್ಲ. ಒಳಗೆ ಬಲೆ ಒಣಗಿಕೊಂಡೇ ಇತ್ತು, ಬುತ್ತಿಯ ಗಂಟು ಬಿಚ್ಚಿರಲಿಲ್ಲ. ಜನ ಇರಲಿಲ್ಲ. ನನ್ನ ತಮ್ಮ ಮಾದೇವ ಅಪ್ಪನ ಕಾಲು ತಬ್ಬಿಕೊಂಡು ನಿಂತು ಅದನ್ನು ನೋಡಿದ. ನಾನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ನೋಡಿದೆ. ಆಮೇಲೆ ನಾವಿಬ್ಬರೂ ಯಾವತ್ತೂ ಯಾವ ದಾರಿಗೂ ಕೈ ತೋರಿಸಲಿಲ್ಲ.

ಕುಮಟೆಯಲ್ಲಿ ಲೈಸನ್ಸಿನ ಪರೀಕ್ಷೆಯ ದಿನ ಸಾಹೇಬರ ಎದುರು ಎಲ್ಲ ಸಂಜ್ಞೆಗಳನ್ನೂ ಸರಿಯಾಗಿ ತೋರಿಸಿದೆ. ಹೆದರಿಕೆ ಆಗಲಿಲ್ಲ. ಯಾಕೆಂದರೆ ಗಾಡಿ ನಿಂತಿತ್ತು. ಅದು ಎಲ್ಲಿಗೂ ಹೋಗುವುದಿರಲಿಲ್ಲ.

ನಾನು ಬಸ್ಸಿಗೆ ಸೇರಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆ ಕಟ್ಟಿರುತ್ತಿದ್ದರು. ಬೆಳಿಗ್ಗೆ ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿಯ ಚಕ್ರ ತಿರುಗಿಸುತ್ತ ನಿಂತರೆ ತಲೆ ಸುತ್ತುತ್ತಿತ್ತು. ಒಮ್ಮೆ ಬೆಂಕಿ ಹಾರಿ ನನ್ನ ಬಲ ಮುಂಗೈ ಸುಟ್ಟಿತು. ಆ ಕಲೆ ಮುಚ್ಚಲು ನಾನು ಖಾಕಿ ಅಂಗಿಯ ತೋಳನ್ನು ಯಾವಾಗಲೂ ಮಣಿಕಟ್ಟಿನ ತನಕ ಇಳಿಸಿ ಗುಂಡಿ ಹಾಕುತ್ತಿದ್ದೆ. ಇದನ್ನು ನೆನಪಿಡಿ.

ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಕುಮಟೆಯಿಂದ ಬಂದ ಜನ ದೋಣಿಯಲ್ಲಿ ಹೊಳೆ ದಾಟಿ ಈಚೆ ದಡದಲ್ಲಿ ನನ್ನ ಬಸ್ ಹತ್ತುತ್ತಿದ್ದರು. ಅಲ್ಲಿಂದ ಭಟ್ಕಳದ ತನಕ ನನ್ನ ದಾರಿ. ಏರು ಬಂದರೆ ಬಸ್ ಮುಂದೆ ಹೋಗುವುದೇ ಇಲ್ಲ. ನಮ್ಮ ಕಂಡಕ್ಟರ್ ಶಾಂತಾರಾಮ ಇಳಿದು, "ಗಂಡಸ್ರೆಲ್ಲ ಇಳೀರಿ, ಟಿಕೆಟ್ ಇದ್ದವ್ರು ತಳ್ಳಿ, ಇಲ್ದವ್ರು ಜೋರಾಗಿ ತಳ್ಳಿ" ಎಂದು ಕೂಗುತ್ತಿದ್ದ.

ತಮ್ಮ ಮಾದೇವ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಹೊನ್ನಾವರದ ದಾರಿಯ ಊರುಗಳಲ್ಲಿ ಮೀನು ಮಾರುತ್ತಿದ್ದ. ಬುಟ್ಟಿ ಖಾಲಿ ಮಾಡಿ ಮಧ್ಯಾಹ್ನ ಹೆಬಳೆಗೆ ಮರಳುವಾಗ ನನ್ನ ಬಸ್ಸನ್ನು ಹಿಂದೆ ಹಾಕುವುದು ಅವನಿಗೆ ದಿನದ ಆಟ. ಬಲಬದಿಯಿಂದ ಬಂದು ನನ್ನ ಬಾಗಿಲಿಗೆ ಅಂಗೈಯಿಂದ ಒಂದು ಬಡಿದು, "ಅಣ್ಣಾ, ತಳ್ಳೂಕೆ ಬರ್ಬೇಕಾ?" ಎನ್ನುತ್ತಿದ್ದ.

"ಹೋಗಾ, ನಿನ್ನ ಮೀನು ನಾತಕ್ಕೇ ಬಸ್ಸು ನಿಂತದ್ದು" ಎನ್ನುತ್ತಿದ್ದೆ ನಾನು.

ಬಸ್ಸಿನಲ್ಲಿ ಕುಳಿತವರೆಲ್ಲ ನಗುತ್ತಿದ್ದರು. ಅವನು ಮುಂದೆ ಹೋಗಿ ಹೆಬಳೆಯ ತಿರುವಿನಲ್ಲಿ ಬಲಕ್ಕೆ, ಸಮುದ್ರದ ಕಡೆಗೆ ಇಳಿಯುತ್ತಿದ್ದ. ನಾನು ನೆಟ್ಟಗೆ ಭಟ್ಕಳಕ್ಕೆ. ಅವನೂ ಕೈ ತೋರಿಸುತ್ತಿರಲಿಲ್ಲ. ಒಂದೇ ಮನೆಯ ಮಕ್ಕಳು.

ಒಂದು ದಿನ ಬೆಳಿಗ್ಗೆ ಬಸ್ಸಿನ ಧಣಿಗಳು, ಹೆಬಳೆಯ ದಾರಿಯಲ್ಲಿ ಒಂದು ಕೊಟ್ಟಿಗೆಯಲ್ಲಿ ಇದ್ದಿಲು ಇಳಿಸಿದ್ದೇನೆ, ಇನ್ನು ಭಟ್ಕಳಕ್ಕೆ ಮುಟ್ಟುವ ಮೊದಲು ಅಲ್ಲಿಗೇ ಹೋಗಿ ತುಂಬಿಕೊಳ್ಳಿ ಎಂದರು. ಆ ದಿನವೇ ಮೊದಲು ನಾನು ಆ ತಿರುವಿನಲ್ಲಿ ಬಲಕ್ಕೆ ಹೊರಳಬೇಕಾದ್ದು. ಹಿಂದೆ ನೋಡುವ ಕನ್ನಡಿ ಒಡೆದು ತಿಂಗಳುಗಳಾಗಿತ್ತು. ಯುದ್ಧದ ಕಾಲ, ಹೊಸದು ಸಿಗುತ್ತಿರಲಿಲ್ಲ.

ತಿರುವು ಬಂತು. ನಡು ಮಧ್ಯಾಹ್ನ, ರಸ್ತೆ ಖಾಲಿ. ಬಲಗೈ ಕಿಟಕಿಯ ಅಂಚಿನ ಮೇಲೇ ಇತ್ತು. ಚಾಚಬೇಕೆಂದು ಒಂದು ಕ್ಷಣ ಅನಿಸಿತು. ಆ ಕಡೆ ಸಮುದ್ರವಿತ್ತು, ನಮ್ಮ ಮನೆ ಇತ್ತು. ನಮ್ಮ ಮನೆಯ ಕಡೆಗೆ ಕೈ ಮಾಡಿ ತೋರಿಸಲು ನನ್ನಿಂದ ಆಗಲಿಲ್ಲ. ಕೈ ಒಳಗೆ ತೆಗೆದುಕೊಂಡು ಸ್ಟೀರಿಂಗ್ ತಿರುಗಿಸಿದೆ.

ಹಿಂದಿನ ಗಾಲಿ ಏನನ್ನೋ ಹತ್ತಿ ಇಳಿಯಿತು.

ಇಳಿದು ಓಡಿದಾಗ ಮೊದಲು ಕಂಡದ್ದು ಬುಟ್ಟಿ. ಆಮೇಲೆ ಮಾದೇವ. ಅವನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಖಕ್ಕೆ ಏನೂ ಆಗಿರಲಿಲ್ಲ, ಏನೋ ಕೇಳಲು ಬಂದವನ ಹಾಗೆ ಬಾಯಿ ತೆರೆದಿತ್ತು. ಎದ್ದು ತಿರುಗಿದಾಗ ನನ್ನ ಬಾಗಿಲು ಕಂಡಿತು. ಧೂಳಿನ ಮೇಲೆ ಒಂದು ಅಂಗೈ ಗುರುತು, ಅದರ ತುಂಬ ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನು ಬಾಗಿಲು ಬಡಿದಿದ್ದ. ಇದ್ದಿಲಿನ ಎಂಜಿನಿನ ಸದ್ದಿಗೆ ನನಗೆ ಕೇಳಿಸಿರಲಿಲ್ಲ. ನನ್ನ ಕಿಟಕಿಯ ಪಕ್ಕದಲ್ಲೇ ಇದ್ದ. ಕೈ ಚಾಚಿದ್ದರೆ ಅವನ ಹೆಗಲಿಗೆ ತಾಗುತ್ತಿತ್ತು.

ಯಾರೂ ನೋಡದ ಹಾಗೆ ನಾನು ಆ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದೆ.

ಪೊಲೀಸ್ ಫೌಜದಾರರು ಬಂದು, "ಕೈ ತೋರಿಸಿದ್ದೆಯಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಾರಾಮ ನನ್ನನ್ನು ಉಳಿಸಲೆಂದು, "ತೋರ್ಸಿದ್ರು ಸಾಹೇಬ್ರೆ, ನಾ ಕಂಡೆ" ಎಂದ. ಫೌಜದಾರರು ಮತ್ತೆ ನನ್ನ ಮುಖ ನೋಡಿದರು.

"ಹೌದು, ತೋರಿಸಿದ್ದೆ" ಎಂದೆ.

ಕೈ ತೋರಿಸಿದ್ದನ್ನು ಗಮನಿಸದೆ ಸೈಕಲ್ಲಿನವನೇ ನುಗ್ಗಿದ್ದಾನೆ ಎಂದು ಅವರು ಅಲ್ಲಿಯೇ ಸೇರಿದ ಜನಕ್ಕೆ ಕೇಳುವ ಹಾಗೆ ಹೇಳಿದರು. ನನಗೆ ಶಿಕ್ಷೆ ಆಗಲಿಲ್ಲ. ಕೆಲಸ ಹೋಗಲಿಲ್ಲ.

ಸೂತಕ ಕಳೆದಮೇಲೆ ಮಾದೇವನ ಹೆಂಡತಿ ಗಣಪಿ ಬಾಗಿಲ ಬದಿಯಲ್ಲಿ ನಿಂತು ಕೇಳಿದಳು. "ಭಾವಾ, ನೀವು ಕೈ ತೋರ್ಸಿದ್ದು ಹೌದಾ?"

"ಹೌದು."

"ಅಂವಂಗೆ ಕಾಣ್ಲಿಲ್ಯಾ?"

"ಕಾಣ್ಲಿಲ್ಲ ಅಂತ ತೋರ್ತದೆ."

ಅವಳು ಅಳಲಿಲ್ಲ. ಸಿಟ್ಟಾದಳು. ನನ್ನ ಮೇಲಲ್ಲ, ಅವನ ಮೇಲೆ. ಮಡಿಲಲ್ಲಿ ಹಾಲು ಕುಡಿಯುವ ಮಗು ಬಿಟ್ಟುಕೊಂಡು, ಎದುರಿಗೆ ಚಾಚಿದ ಕೈ ಕಾಣದೆ ಸತ್ತ ಗಂಡ. ಮಹಾಲಯದ ದಿನ ಹಿರಿಯರಿಗೆಲ್ಲ ಎಡೆ ಹಾಕಿದಳು, ಆಗಲೇ ತೀರಿಕೊಂಡಿದ್ದ ನಮ್ಮ ಅಪ್ಪನಿಗೂ ಹಾಕಿದಳು. ಮಾದೇವನಿಗೆ ಎಲೆ ಹಾಸಲಿಲ್ಲ. ನಾನು ಕೇಳಿದ್ದಕ್ಕೆ, "ಕಣ್ಣಿದ್ದೂ ಕಾಣದವಂಗೆ ಎಲೆ ಹಾಸಿದ್ರೆ ಕಾಣೂದುಂಟಾ?" ಎಂದಳು. ಮುಂದಿನ ವರ್ಷವೂ ಹಾಕಲಿಲ್ಲ. ಅದರ ಮುಂದಿನ ವರ್ಷವೂ. ಕೇರಿಯಲ್ಲಿ ಯಾರಾದರೂ ಎಡವಿದರೆ, "ಮಾದೇವನ ಕಣ್ಣು" ಎಂದು ನಗುವುದು ರೂಢಿಯಾಯಿತು. ಒಂದು ಮಾತಿನಿಂದ ನಾನು ನನ್ನ ತಮ್ಮನನ್ನು ಮನೆಯ ಹೊರಗೆ ಹಾಕಿದ್ದೆ. ಅವನು ಹಸಿದಿದ್ದ.

ನಾನು ಬಸ್ ನಡೆಸಿದೆ. ದಿನವೂ ಅದೇ ತಿರುವಿನಲ್ಲಿ ಬಲಕ್ಕೆ ಹೊರಳಿ ಇದ್ದಿಲು ತುಂಬಿಕೊಂಡೆ. ಆಗಲೂ ಕೈ ತೋರಿಸಲಿಲ್ಲ. ನೀವು ಕೇಳಬಹುದು, ಅಷ್ಟಾದಮೇಲೂ ಯಾಕೆ ಎಂದು. ಅಲ್ಲಿ ಕೈ ಚಾಚಿದರೆ, ಆ ದಿನ ಚಾಚಲಿಲ್ಲ ಎಂದು ನನ್ನ ಕೈಯೇ ಹೇಳಿಬಿಡುತ್ತದೆ ಅನಿಸುತ್ತಿತ್ತು. ಎರಡೂ ಕೈಯಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ತಿರುಗಿಸುತ್ತಿದ್ದೆ.

ಭಟ್ಕಳದ ಇಸ್ಮಾಯಿಲ್ ಸಾಹೇಬರು ಅದೇ ದಾರಿಯಲ್ಲಿ ಲಾರಿ ನಡೆಸುತ್ತಿದ್ದರು. ನನಗಿಂತ ಹಿರಿಯರು, ನಗೆಮಾತಿನವರು. ಯುದ್ಧ ಮುಗಿದ ಮೇಲಿನ ಮಾತು, ಪೆಟ್ರೋಲು ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಒಂದು ದಿನ ಭಟ್ಕಳದಲ್ಲಿ ಚಹಾ ಕುಡಿಯುವಾಗ ಅವರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು.

"ನೋಡ್ರೋ, ಈ ರಸ್ತೆ ಮೇಲೆ ಕಾಯ್ದೆ ಪ್ರಕಾರ ಕೈ ತೋರ್ಸೂದು ಇಂವ ಒಬ್ನೇ. ಹೆಬಳೆ ತಿರುವು ಬಂತು ಅಂದ್ರೆ ಸಾಕು, ಕೈ ಹೊರಗೆ."

ನಾನು ನಕ್ಕೆ. "ಸಾಹೇಬ್ರೆ, ತಮಾಷೆ ಸಾಕು."

"ತಮಾಷೆ ಎಂತದು? ವಾರದಲ್ಲಿ ಎರಡು ಸಲ ನಿನ್ನ ಹಿಂದೆ ಬರ್ತೇನೆ. ನೆಟ್ಟಗೆ ಚಾಚ್ತಿ. ತೋಳು ಮೇಲೆ ಮಡಚಿಕೊಂಡು ಬರಿಗೈ." ಅವರು ನನ್ನ ಅಂಗಿಯನ್ನು ನೋಡಿದರು. ತೋಳು ಮಣಿಕಟ್ಟಿನ ತನಕ ಇಳಿದಿತ್ತು, ಗುಂಡಿ ಹಾಕಿತ್ತು. "ಇವತ್ತು ಎಂತ, ಇಳಿಸ್ಕೊಂಡಿದ್ದಿ?"

ಚಹಾದ ಲೋಟವನ್ನು ಕೆಳಗಿಟ್ಟೆ.

"ಮತ್ತೆ, ಕೈಗೆ ಎಂತ ಮೆತ್ಕೊಳ್ತಿ ಮಾರಾಯಾ? ಬಿಸಿಲಿಗೆ ಬೆಳ್ಳಿ ಹಾಂಗೆ ಹೊಳೀತದೆ."

ಅವತ್ತು ನಾನು ಊಟ ಮಾಡಲಿಲ್ಲ. ಮರುದಿನ ತಿರುವಿನಲ್ಲಿ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಕಣ್ಣನ್ನು ಮಾತ್ರ ಕಿಟಕಿಯ ಕಡೆಗೆ ಹೊರಳಿಸಿದೆ. ಏನೂ ಕಾಣಲಿಲ್ಲ. ಬಿಸಿಲಿನಲ್ಲಿ ರಸ್ತೆಯ ಮೇಲೆ ಬಸ್ಸಿನ ನೆರಳು ಪಕ್ಕದಲ್ಲೇ ಬರುತ್ತಿತ್ತು. ಆ ನೆರಳಿನ ಕಿಟಕಿಯಿಂದ ಒಂದು ಕೈ ಹೊರಗೆ ಚಾಚಿತ್ತು. ತಿರುಗಿ ಮುಗಿಯುವ ತನಕ ಇತ್ತು, ಆಮೇಲೆ ಒಳಗೆ ಹೋಯಿತು.

ಒಳಗೆ ಎಂದರೆ ನಾನು ಕುಳಿತಲ್ಲಿಗೆ.

ಅಪ್ಪ ಹೇಳಿದ್ದು, ನಾವು ತೋರಿಸಿದಲ್ಲಿಗೆ ಅದು ಹೋಗಿ ಕೂತಿರುತ್ತದೆ ಎಂದು. ತೋರಿಸದೆ ತೋರಿಸಿದೆ ಎಂದರೆ ಏನಾಗುತ್ತದೆ ಎಂದು ಅವನು ಹೇಳಿರಲಿಲ್ಲ. ನಾನು ಫೌಜದಾರರ ಎದುರು ಹೇಳಿದ ಮಾತನ್ನು ಮಾದೇವ ನಿಜ ಮಾಡುತ್ತಿದ್ದ. ಅಣ್ಣನ ಮಾತು ಸುಳ್ಳಾಗಬಾರದು ಎಂದು. ಎಲೆಯಿಲ್ಲದೆ, ಹಸಿದುಕೊಂಡು, ದಿನವೂ.

ಶಾಂತಾರಾಮನಿಗೆ ಹೇಳಿದೆ. ಅವನು ಬೆವರು ಒರೆಸಿಕೊಂಡು, "ಭಟ್ರ ಹತ್ರ ಕೇಳಿ ಒಂದು ಶಾಂತಿ ಮಾಡಿಸ್ವ. ಬಾಯಿ ಮಾತ್ರ ಬಿಡ್ಬೇಡಿ. ನಂದೂ ಕುತ್ತಿಗೆ ಉಂಟು ಅದ್ರಲ್ಲಿ" ಎಂದ. ಧಣಿಗಳ ಹತ್ತಿರ ಬೇರೆ ದಾರಿ ಕೇಳಿದೆ. ಅವರು, "ಅಪಘಾತ ಆದಲ್ಲಿ ಎಲ್ಲ ಡ್ರೈವರ್ರೂ ಬೇರೆ ದಾರಿ ಕೇಳಿದ್ರೆ ನಾನು ಬಸ್ಸು ಹೊಳೇಲಿ ಓಡಿಸ್ಬೇಕಾಗ್ತದೆ" ಎಂದು ನಕ್ಕರು. ಆ ವರ್ಷ ಶಿವರಾತ್ರಿಗೆ ಯಾಣಕ್ಕೆ ಹೋಗುವ ಯಾತ್ರಿಕರಿಗೆಂದು ನನ್ನನ್ನು ಕುಮಟೆಯ ಕಡೆಯ ಬಸ್ಸಿಗೆ ಹಾಕಿದರು. ಕೆಲವು ದಿನ ನೆಮ್ಮದಿಯಾಗಿತ್ತು. ಮರಳಿ ಬಂದ ದಿನ ಇಸ್ಮಾಯಿಲ್ ಸಾಹೇಬರು, "ನೀ ಇಲ್ದಾಗ ಬೇರೆಯವ ನಡೆಸ್ತಿದ್ದ. ಕೈ ಕಾಣ್ಲೇ ಇಲ್ಲ" ಎಂದರು.

ಅದು ಬಸ್ಸಿನದಲ್ಲ, ತಿರುವಿನದಲ್ಲ. ನನ್ನದು.

ಮಹಾಲಯ ಹತ್ತಿರ ಬಂತು. ಗಣಪಿ ಮನೆಯ ಮುಂದೆ ಒಣಮೀನು ಹರವುತ್ತಿದ್ದಳು. ಮಗ ಪಕ್ಕದಲ್ಲಿ ಕಾಗೆ ಓಡಿಸುತ್ತಿದ್ದ. ಅವನನ್ನು ಒಳಗೆ ಕಳಿಸು ಎಂದೆ. ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ.

"ಗಣಪಿ, ನಾನು ಕೈ ತೋರ್ಸಲಿಲ್ಲ."

ಅವಳು ಮೀನು ತಿರುವುತ್ತಲೇ ಇದ್ದಳು.

"ಅಂವ ಬಾಗಿಲು ಬಡಿದಿದ್ದ. ಗುರುತಿತ್ತು. ನಾನೇ ಒರೆಸ್ದೆ."

ಅವಳ ಕೈ ನಿಂತಿತು. ಕೈ ತುಂಬ ಹುರುಪೆ ಹೊಳೆಯುತ್ತಿತ್ತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಸಮುದ್ರದ ಕಡೆ ನೋಡಿ, ತನಗೇ ಎಂಬ ಹಾಗೆ ಹೇಳಿದಳು.

"ಇಷ್ಟು ವರ್ಷ ಅಂವಂಗೆ ಒಂದು ತುತ್ತು ಹಾಕ್ಲಿಲ್ಲ ನಾನು. ಕುರುಡ ಅಂದೆ. ಮಗನ ಎದುರು ಅಂದೆ."

"ತಪ್ಪು ನಂದು."

"ನಿಮ್ದೇ. ಮತ್ಯಾರದ್ದು?" ಅವಳು ನನ್ನ ಕಡೆ ತಿರುಗಿದಳು. ಅಂಥ ಕಣ್ಣನ್ನು ನಾನು ಮತ್ತೆ ನೋಡಲಿಲ್ಲ. "ನಂಗೆ ಹೇಳಿದ್ರೆ ಮುಗೀತಾ ಭಾವಾ? ಊರೆಲ್ಲ ನಗ್ತದೆ ಅವನ ಹೆಸ್ರಿಗೆ. ಊರಿಗೆ ಹೇಳಿ."

ನಾನು ತಲೆ ಬಗ್ಗಿಸಿದೆ. ತಿರುವಿನಲ್ಲಿ ಕಾಣುವ ಕೈಯ ಮಾತನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಮಧ್ಯಾಹ್ನ ಬಾಗಿಲು ಬಡಿದ ಸದ್ದು ಬತ್ತದೆ. ತೆಗೆದ್ರೆ ಯಾರೂ ಇಲ್ಲಾ. ಗಾಳಿ ಅಂದ್ಕೊಂಡಿದ್ದೆ" ಎಂದಳು. ಆಮೇಲೆ, "ಆತು. ನಾ ಅಂವಂಗೆ ಎಲೆ ಹಾಸ್ತೆ. ನೀವು ನಾಳೆ ಅಲ್ಲಿ ಕೈ ತೋರ್ಸಿ. ನಿಮ್ಮ ಕೆಲ್ಸ ಅಂವ ಇನ್ನೆಷ್ಟು ದಿನ ಮಾಡೂದು?" ಎಂದಳು.

ಊರಿಗೆ ಹೇಳಿ ಎಂದ ಮಾತನ್ನು ನಾನು ನಡೆಸಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಆಮೇಲೆ ಮಕ್ಕಳ ಮದುವೆ, ಆಮೇಲೆ ಇಷ್ಟು ಹಳೆಯ ಮಾತು ಯಾಕೆ ಎಂಬ ನೆವ. ಗಣಪಿ ಮತ್ತೆ ಒಮ್ಮೆಯೂ ಕೇಳಲಿಲ್ಲ. ಹೋದ ವರ್ಷ ತೀರಿಕೊಂಡಳು. ಅವಳ ಮಗ ಈಗಲೂ ಹೆಬಳೆಯಲ್ಲಿದ್ದಾನೆ. ಇದನ್ನು ಅವನು ಓದಬೇಕು, ಕೇರಿಯವರು ಓದಬೇಕು: ಮಾದೇವ ಕುರುಡನಾಗಿರಲಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವನ ಅಣ್ಣ ಕೈ ತೋರಿಸಲಿಲ್ಲ. ದೀಪ ಹಾಕದೆ ತಿರುಗುವವರನ್ನು ಕಂಡಾಗ ಅದು ಸೊಕ್ಕೋ ಸೋಮಾರಿತನವೋ ನನಗೆ ತಿಳಿಯದು. ನನ್ನ ಹಾಗೆ ಒಳಗೆ ಏನನ್ನೋ ಬಚ್ಚಿಟ್ಟುಕೊಂಡವರೂ ಇರಬಹುದು. ಹಿಂದಿನಿಂದ ಬರುವವನಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ.

ಗಣಪಿಗೆ ಹೇಳಿದ ಮರುದಿನದ ಮಾತು ಒಂದು ಉಳಿದಿದೆ.

ಮಧ್ಯಾಹ್ನ ತಿರುವು ಬಂತು. ನನ್ನ ಹಿಂದೆ ಇಸ್ಮಾಯಿಲ್ ಸಾಹೇಬರ ಲಾರಿ ಇರುವುದು ಸದ್ದಿನಿಂದ ತಿಳಿಯುತ್ತಿತ್ತು. ನಾನು ಸ್ಟೀರಿಂಗಿನಿಂದ ಬಲಗೈ ತೆಗೆದೆ. ಕಿಟಕಿಯಿಂದ ಹೊರಗೆ, ಸಮುದ್ರದ ಕಡೆಗೆ, ನಮ್ಮ ಮನೆಯ ಕಡೆಗೆ ನೆಟ್ಟಗೆ ಚಾಚಿದೆ. ಕೈ ಭಾರವಾಗಿ ಕೆಳಗೆ ಜಗ್ಗುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಭಾರ ಇಳಿಯಿತು, ಯಾರೋ ಕೆಳಗಿನಿಂದ ಆಧಾರ ಕೊಟ್ಟ ಹಾಗೆ. ನೆರಳಿನ ಕಡೆ ನೋಡಲು ಧೈರ್ಯವಾಗಲಿಲ್ಲ. ಇದ್ದಿಲು ತುಂಬಿಕೊಂಡು ಭಟ್ಕಳಕ್ಕೆ ಬಂದೆ.

ಇಸ್ಮಾಯಿಲ್ ಸಾಹೇಬರು ನನಗಿಂತ ಮೊದಲೇ ಬಂದು ನಿಂತಿದ್ದರು. ನಗುತ್ತಿರಲಿಲ್ಲ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು.

"ಇವತ್ತು ನಿನ್ನ ಪಕ್ಕದಲ್ಲಿ ಯಾರು ಕೂತಿದ್ರು?"

"ಯಾರೂ ಇಲ್ಲ ಸಾಹೇಬ್ರೆ. ಯಾಕೆ?"

"ಎರಡು ಕೈ ಇತ್ತು" ಎಂದರು. "ಒಂದು ಖಾಕಿ ತೋಳಿಂದು. ಇನ್ನೊಂದು ಯಾವಾಗ್ಲೂ ಕಾಣೂದು. ಅದು ಖಾಕಿ ಕೈಯನ್ನ ಕೆಳಗಿಂದ ಹಿಡ್ಕೊಂಡಿತ್ತು. ತಿರುವು ಮುಗಿದ ಕೂಡ್ಲೆ ಬಿಡ್ತು."